ಒಂದು ಸೊಳ್ಳೆಗೆ ಒಂದು ಆಣೆ

ಆರೋಗ್ಯವಾಗಿರುವ ಒಬ್ಬ ಮನುಷ್ಯನಿಗೆ ಬೇಕೆಂದೇ ಕಾಯಿಲೆ ಬರಿಸುವುದು ಸರಿಯೇ? ಅದರಿಂದ ನಾಳೆ ಸಾವಿರಾರು ಮಕ್ಕಳು ಬದುಕುತ್ತಾರೆ ಎಂದಾದರೆ? ಅವನೇ ಒಪ್ಪಿ ಸಹಿ ಹಾಕಿದ್ದಾನೆ, ಅದಕ್ಕೆ ಅವನಿಗೆ ಹಣವನ್ನೂ ಕೊಡುತ್ತಾರೆ ಎಂದಾದರೆ?

ಇದು ಚರ್ಚಾಸ್ಪರ್ಧೆಗೆಂದು ಹುಟ್ಟಿಸಿದ ಪ್ರಶ್ನೆಯಲ್ಲ. ಮಲೇರಿಯಾ ಲಸಿಕೆಯ ಸಂಶೋಧನೆಯಲ್ಲಿ ಇದು ಎಷ್ಟೋ ವರ್ಷಗಳಿಂದ ನಡೆದು ಬಂದಿರುವ ಕೆಲಸ. ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳೆಂದು ನಮ್ಮ ಯುವಜನ ಕೂಟದಲ್ಲಿ ಲಸಿಕೆಯ ಬಗ್ಗೆ ಮಾತಾಡಲು ಹೇಳಿದ್ದರು. ಸ್ವಯಂಸೇವಕರಿಗೆ ಸೊಳ್ಳೆ ಕಚ್ಚಿಸುವ ವಿಷಯ ಬಂದಾಗ ಹಿಂದಿನ ಬೆಂಚಿನಿಂದ ಹುಡುಗನೊಬ್ಬ, “ಅಕ್ಕ, ಎಷ್ಟು ಕೊಡ್ತಾರೆ?” ಎಂದು ಕೇಳಿದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ತೋಟದ ಕೂಲಿಯಲ್ಲಿ ಮನೆ ನಡೆಯುವವರಿಗೆ ಅದು ತಮಾಷೆಯ ಪ್ರಶ್ನೆಯಲ್ಲ. ಅಂದು ಅವನಿಗೆ ಕೊಟ್ಟ ಉತ್ತರ ಚಿಕ್ಕದಾಗಿತ್ತು. ಇಲ್ಲಿ ಸ್ವಲ್ಪ ದೊಡ್ಡದಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಪ್ರಯೋಗಾಲಯದಲ್ಲಿ ಸಾಕಿದ ಅನಾಫಿಲಿಸ್ ಸೊಳ್ಳೆಗಳಿಗೆ ಮಲೇರಿಯಾ ರೋಗಾಣು ಇರುವ ರಕ್ತ ಕುಡಿಸುತ್ತಾರೆ. ಎರಡು ಮೂರು ವಾರಗಳಲ್ಲಿ ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುತ್ತದೆ. ಆಮೇಲೆ ಅಂಥ ಐದು ಸೊಳ್ಳೆಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಬಾಯಿಗೆ ಜಾಲರಿ ಬಟ್ಟೆ ಕಟ್ಟುತ್ತಾರೆ. ಸ್ವಯಂಸೇವಕ ತನ್ನ ತೋಳನ್ನು ಅದರ ಮೇಲೆ ಇಟ್ಟುಕೊಂಡು ಕೂರಬೇಕು. ಕಚ್ಚಿದ ಮೇಲೆ ಸುಮಾರು ಒಂದು ವಾರ ಏನೂ ಗೊತ್ತಾಗುವುದಿಲ್ಲ, ರೋಗಾಣು ಲಿವರ್‌ನಲ್ಲಿ ಅಡಗಿ ಬೆಳೆಯುತ್ತಿರುತ್ತದೆ. ಅದು ರಕ್ತಕ್ಕೆ ಇಳಿಯುವ ಹೊತ್ತಿಗೆ ದಿನಾ ರಕ್ತ ಪರೀಕ್ಷೆ ಶುರುವಾಗುತ್ತದೆ. ರೋಗಾಣು ಇಷ್ಟರ ಮಟ್ಟಿಗೆ ಕಂಡಿತು ಎಂದ ಕೂಡಲೇ ಮಾತ್ರೆ ಕೊಟ್ಟು ನಿಲ್ಲಿಸುತ್ತಾರೆ. ಒಂದೆರಡು ದಿನ ಜ್ವರ, ತಲೆನೋವು, ಮೈಕೈ ನೋವು ಇರುತ್ತದೆ. ತೀರ ಅಪರೂಪಕ್ಕೆ ಹೃದಯದ ತೊಂದರೆ ಕಂಡುಬಂದದ್ದೂ ಇದೆ.

ಇಷ್ಟೆಲ್ಲ ಯಾಕೆ ಬೇಕು, ಲಸಿಕೆ ಹಾಕಿಸಿಕೊಂಡವರ ರಕ್ತ ಪರೀಕ್ಷೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ದಡಾರಕ್ಕೆ ಒಮ್ಮೆ ಹಾಕಿಸಿದ ಲಸಿಕೆ ದಶಕಗಟ್ಟಲೆ ಕಾಯುತ್ತದೆ. ನಮ್ಮ ದೇಹ ಆ ವೈರಸ್ಸಿನ ಗುರುತನ್ನು ಮರೆಯುವುದಿಲ್ಲ. ಮಲೇರಿಯಾ ರೋಗಾಣು ಹಾಗಲ್ಲ. ಸೊಳ್ಳೆಯಿಂದ ಬರುವಾಗ ಅದಕ್ಕೆ ಒಂದು ರೂಪ, ಲಿವರ್‌ನಲ್ಲಿ ಇನ್ನೊಂದು, ರಕ್ತದಲ್ಲಿ ಮತ್ತೊಂದು. ರಕ್ತಕಣದೊಳಗೆ ಕುಳಿತ ಮೇಲೂ ಅದು ಕಣದ ಹೊರಮೈಗೆ ಹೊದಿಸುವ ಪ್ರೋಟೀನನ್ನು ಬದಲಿಸುತ್ತಾ ಇರುತ್ತದೆ. ಫಾಲ್ಸಿಪಾರಂ ಎಂಬ ಮಾರಕ ಜಾತಿಯಲ್ಲಿ ಹೀಗೆ ಬದಲಿಸಲು ಸುಮಾರು 60 ಜೀನ್‌ಗಳಿವೆ. ದೇಹ ಒಂದು ಅಂಗಿಯನ್ನು ಗುರುತು ಹಿಡಿಯುವಷ್ಟರಲ್ಲಿ ಕಳ್ಳ ಇನ್ನೊಂದು ಅಂಗಿ ಹಾಕಿಕೊಂಡಿರುತ್ತಾನೆ. ಆದ್ದರಿಂದಲೇ ಮಲೇರಿಯಾ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೂ ಮತ್ತೆ ಮತ್ತೆ ಸೋಂಕು ತಗಲಿ, ವರ್ಷಗಳ ಮೇಲೆ ಅರೆಬರೆ ರಕ್ಷಣೆ ಬರುತ್ತದೆ. ಊರು ಬಿಟ್ಟು ಹೋದರೆ ಅದೂ ಕರಗುತ್ತದೆ. ಆ ಅರೆಬರೆ ರಕ್ಷಣೆಯಾದರೂ ನಿಜವಾದದ್ದೇ. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಎಂಬ ವಿಜ್ಞಾನಿಗಳು ಆಫ್ರಿಕಾದ ಗ್ಯಾಂಬಿಯಾದಲ್ಲಿ ದೊಡ್ಡವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟಾಗ ಮಕ್ಕಳ ರಕ್ತದಲ್ಲಿ ರೋಗಾಣು ಇಳಿಯಿತು. ಆದರೆ ಯಾವ ಪ್ರತಿಕಾಯ, ಎಷ್ಟು ಇದ್ದರೆ ಸಾಕು ಎಂಬ ಲೆಕ್ಕ ಇವತ್ತಿಗೂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಕೊನೆಗೆ ರೋಗಾಣುವನ್ನೇ ಎದುರಿಗೆ ತಂದು ನಿಲ್ಲಿಸಬೇಕಾಗುತ್ತದೆ.

ಅದರ ಪ್ರಯೋಜನ ಏನು ಎಂಬುದಕ್ಕೆ ಒಂದು ಲೆಕ್ಕ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಪ್ರಕಟಿಸಿದ ಅಧ್ಯಯನವದು. ಆರ್‌ಟಿಎಸ್,ಎಸ್ ಎಂಬ ಒಂದೇ ಪ್ರೋಟೀನನ್ನು, ದೇಹದ ಪ್ರತಿಕ್ರಿಯೆ ಹೆಚ್ಚಿಸಲು ಬೆರೆಸುವ ಪದಾರ್ಥವನ್ನು ಮಾತ್ರ ಬದಲಿಸಿ, ಮೂರು ಬಗೆಯ ಲಸಿಕೆಯಾಗಿ ಮಾಡಿದ್ದರು. ಆಮೇಲೆ ಸ್ವಯಂಸೇವಕರಿಗೆ ಸೊಳ್ಳೆ ಕಚ್ಚಿಸಿದರು. ಲಸಿಕೆ ಇಲ್ಲದ ಆರು ಜನರಿಗೆ ಆರಕ್ಕೆ ಆರೂ ಮಲೇರಿಯಾ ಬಂತು. ಮೊದಲ ಬಗೆ ಹಾಕಿಸಿಕೊಂಡ 8 ಜನರಲ್ಲಿ 7 ಮಂದಿಗೆ ಬಂತು, ಎರಡನೆಯದರಲ್ಲಿ 7ರಲ್ಲಿ 5 ಮಂದಿಗೆ ಬಂತು. ಮೂರನೆಯದರಲ್ಲಿ 7 ಜನರಲ್ಲಿ ಒಬ್ಬರಿಗೆ ಮಾತ್ರ. ಆ ಮೂರನೆಯದೇ ಮುಂದೆ ಆಫ್ರಿಕಾಕ್ಕೆ ಹೋಯಿತು. ಆರ್‌ಟಿಎಸ್,ಎಸ್ ಲಸಿಕೆಯ ದೊಡ್ಡ ಪರೀಕ್ಷೆ 2009ರಿಂದ ಏಳು ದೇಶಗಳ 15,459 ಶಿಶುಗಳು ಮತ್ತು ಮಕ್ಕಳ ಮೇಲೆ ನಡೆಯಿತು. ಈ ಇಪ್ಪತ್ತೆಂಟು ಜನ ತೋಳು ಚಾಚದೆ ಹೋಗಿದ್ದರೆ, ಕೆಲಸಕ್ಕೆ ಬಾರದ ಲಸಿಕೆಯನ್ನು ಹೊತ್ತುಕೊಂಡು ಅಷ್ಟು ಮಕ್ಕಳ ಮನೆಬಾಗಿಲಿಗೆ ಹೋಗಬೇಕಾಗುತ್ತಿತ್ತು. ಮಲೇರಿಯಾದಿಂದ 2023ರಲ್ಲಿಯೂ ಜಗತ್ತಿನಲ್ಲಿ ಸುಮಾರು 5 ಲಕ್ಷ 97 ಸಾವಿರ ಜನ ಸತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು.

ಹಾಗಾದರೆ ಸರಿ ಎಂದು ಹೇಳಿಬಿಡಬಹುದಲ್ಲ? ಅಷ್ಟು ಬೇಗ ಬೇಡ. ತೋಳು ಚಾಚುವವರು ಯಾರು ಎಂಬುದು ಇನ್ನೂ ಬಾಕಿಯಿದೆ, ಆ ಕಥೆ ನಮ್ಮ ಘಾಟಿಯ ಹತ್ತಿರವೂ ಸುಳಿದು ಹೋಗಿದೆ.

ಊಟಿಯಿಂದ ಕಲ್ಲಹಟ್ಟಿ ಇಳಿದು ಮಸಿನಗುಡಿಗೆ ಹೋಗುವ ಸೀಗೂರು ಘಾಟ್ ರಸ್ತೆಯಲ್ಲಿ ನಾವೆಲ್ಲ ಎಷ್ಟು ಸಲ ಓಡಾಡಿದ್ದೇವೆ! ಹಿಂದೆ ಘಾಟಿಯ ಕೆಳಗಿನ ಊರುಗಳೆಂದರೆ ಚಳಿಜ್ವರದ ಊರುಗಳೆಂದೇ ಹೆಸರು. 1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ಚಳಿಜ್ವರದ ಮೂಲ ಹುಡುಕುತ್ತಾ ಈ ಸೀಗೂರು ಘಾಟಿಗೆ ಇಳಿದ. ಇಲ್ಲೇ ಅವನಿಗೂ ಮಲೇರಿಯಾ ಹಿಡಿಯಿತು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದ ಅವನು ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಆ ಸೊಳ್ಳೆಗಳು ಕುಡಿದದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತ. ಕಚ್ಚಿದ ಒಂದೊಂದು ಸೊಳ್ಳೆಗೂ ರಾಸ್ ಅವನಿಗೆ ಒಂದೊಂದು ಆಣೆ ಕೊಟ್ಟ.

ಹುಸೇನ್ ಖಾನ್‌ಗೆ ಜ್ವರ ಮೊದಲೇ ಇತ್ತು, ಸೊಳ್ಳೆಯಿಂದ ಅವನಿಗೆ ಹೊಸ ಅಪಾಯವೇನೂ ಆಗಲಿಲ್ಲ. ಆದರೆ ಅದಕ್ಕೂ ಮೊದಲು ಇದೇ ರಾಸ್, ಸೊಳ್ಳೆ ಸತ್ತ ನೀರನ್ನು ಆರೋಗ್ಯವಂತರಿಗೆ ಹಣ ಕೊಟ್ಟು ಕುಡಿಸಿ, ಜ್ವರ ಬರುತ್ತದೆಯೇ ಎಂದು ನೋಡಿದ್ದುಂಟು. ಬ್ರಿಟಿಷ್ ಅಧಿಕಾರಿಯೊಬ್ಬ ಆಣೆ ಹಿಡಿದು ನಿಂತರೆ ಎದುರಿಗಿರುವ ಬಡವನಿಗೆ ಬೇಡ ಎನ್ನುವ ಬಾಯಿ ಎಷ್ಟಿದ್ದೀತು? ರಾಸ್ ಸ್ವತಃ ಸೀಗೂರಿನ ಜ್ವರ ಅನುಭವಿಸಿದವನು ಎಂಬುದನ್ನು ನಾನು ಮರೆಯುತ್ತಿಲ್ಲ. ಅದು ಅವನ ಪರವಾಗಿ ನಿಲ್ಲುವ ಮಾತು. ಆದರೂ ಎರಡು ಅಪಾಯಗಳೂ ಒಂದೇ ತೂಕದವಲ್ಲ. ಅವನ ಹುಡುಕಾಟ ಅವನದು. ಹಣಕ್ಕಾಗಿ ನೀರು ಕುಡಿದವನಿಗೆ ಆ ಹುಡುಕಾಟದಲ್ಲಿ ಪಾಲಿರಲಿಲ್ಲ.

ಇನ್ನೊಂದು ಕಥೆ ಕ್ಯೂಬಾದ ಹವಾನಾ ನಗರದ್ದು. ಅದು ಸೊಳ್ಳೆಯಿಂದಲೇ ಬರುವ ವೈರಸ್ ಕಾಯಿಲೆ, ಹಳದಿ ಜ್ವರದ ಕಥೆ. 1900ರಲ್ಲಿ ವಾಲ್ಟರ್ ರೀಡ್ ಎಂಬ ಅಮೆರಿಕನ್ ಸೇನಾ ವೈದ್ಯನ ತಂಡ ಅಲ್ಲಿ ಸೊಳ್ಳೆಯನ್ನು ಮನುಷ್ಯರಿಗೆ ಕಚ್ಚಿಸಿ ಪರೀಕ್ಷಿಸಿತು. ತಂಡದ ವೈದ್ಯ ಜೆಸ್ಸಿ ಲಾಜಿಯರ್ ಅದೇ ಜ್ವರದಿಂದ ಸತ್ತ. ಆಮೇಲೆ ಸ್ಪೇನಿನಿಂದ ಬಂದಿದ್ದ ಬಡ ವಲಸಿಗರನ್ನು ಸೇರಿಸಿಕೊಂಡರು: ನೂರು ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ ನೂರು. ಕಿಸಿಂಜರ್, ಮೊರನ್ ಎಂಬ ಇಬ್ಬರು ಅಮೆರಿಕನ್ನರು ಮಾತ್ರ ಹಣ ಬೇಡವೆಂದು ಹೇಳಿ ತೋಳು ಕೊಟ್ಟರು.

ಮರುವರ್ಷ ಅದೇ ಹವಾನಾದಲ್ಲಿ ಕ್ಲಾರಾ ಮಾಸ್ ಎಂಬ ನರ್ಸ್ ಮುಂದೆ ಬಂದಳು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಬಡ ಕುಟುಂಬದ ಹಿರಿಯ ಮಗಳು. ಅವಳಿಗೂ ಸಿಕ್ಕಿದ್ದು ನೂರು ಡಾಲರ್. ಮೊದಲು ಸೊಳ್ಳೆ ಕಚ್ಚಿಸಿದಾಗ ಬಂದದ್ದು ಲಘು ಜ್ವರ, ವಾಸಿಯಾಯಿತು. ಆ ಲಘು ಜ್ವರ ಅವಳಿಗೆ ರೋಗನಿರೋಧಕ ಶಕ್ತಿ ಕೊಟ್ಟಿದೆಯೇ? ಹಾಗಿದ್ದರೆ ಸೊಳ್ಳೆಯಿಂದಲೇ ಲಸಿಕೆ ಹಾಕಿದಂತಾಯಿತಲ್ಲ ಎಂಬುದು ವೈದ್ಯರ ಆಸೆ. ನೋಡಲು 1901ರ ಆಗಸ್ಟ್ 14ರಂದು ಮತ್ತೊಮ್ಮೆ ಕಚ್ಚಿಸಿದರು. ಆಗಸ್ಟ್ 24ರಂದು ಅವಳು ಸತ್ತಳು. ವಯಸ್ಸು 25. ಅದೇ ಪ್ರಯೋಗಗಳಲ್ಲಿ ಬೇರೆಯವರೂ ಸತ್ತಿದ್ದರು. ಆದರೆ ಜನ ಸಿಟ್ಟಿಗೆದ್ದು, ಮನುಷ್ಯರಿಗೆ ಹೀಗೆ ಹಳದಿ ಜ್ವರ ಬರಿಸುವುದು ನಿಂತದ್ದು ಇವಳ ಸಾವಿನಿಂದ. ನಮ್ಮ ಕೂಟದಲ್ಲಿ ಹೆಚ್ಚಿನವರು ಅದೇ ವಯಸ್ಸಿನವರು, ಇಬ್ಬರು ನರ್ಸಿಂಗ್ ಓದುತ್ತಿದ್ದಾರೆ. ಈ ಕಥೆ ಹೇಳಿದಾಗ ಯಾರೂ ನಗಲಿಲ್ಲ.

ಕ್ಲಾರಾ ಹಣಕ್ಕಾಗಿ ಒಪ್ಪಿದಳೇ, ಸೇವೆಗಾಗಿ ಒಪ್ಪಿದಳೇ ಎಂದು ನಮ್ಮವರು ವಾದ ಮಾಡಿದರು. ನನಗೆ ಆ ವಾದವೇ ಸರಿ ಕಾಣಲಿಲ್ಲ. ನಮ್ಮ ಮನೆಗಳ ಹುಡುಗಿಯರು ಗಲ್ಫಿನ ಆಸ್ಪತ್ರೆಗಳಿಗೆ ಹೋಗುವುದು ಸಂಬಳಕ್ಕೂ ಹೌದು, ರೋಗಿಯ ಸೇವೆಗೂ ಹೌದು. ಎರಡನ್ನೂ ಬೇರ್ಪಡಿಸಿ ತೂಗಲು ನಾವ್ಯಾರು? ಕೇಳಬೇಕಾದದ್ದು ಅವಳನ್ನಲ್ಲ, ಕಚ್ಚಿಸಿದವರನ್ನು. ಆ ಜ್ವರಕ್ಕೆ ಅಂದು ಮದ್ದಿರಲಿಲ್ಲ. ಕೈಮೀರಿದರೆ ಹಿಂದಕ್ಕೆ ತರುವ ದಾರಿ ಗೊತ್ತಿಲ್ಲದೆ ಇನ್ನೊಬ್ಬರನ್ನು ಆ ಅಂಚಿಗೆ ಕರೆದೊಯ್ಯುವ ಹಕ್ಕು ಯಾರಿಗಿದೆ?

ಒಪ್ಪಿಗೆ ಇತ್ತಲ್ಲ ಎನ್ನಬಹುದು. ಒಪ್ಪಿಗೆಯ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಪೋಪ್ ಹನ್ನೆರಡನೇ ಪಿಯುಸ್‌ರವರು 1952ರ ಸೆಪ್ಟೆಂಬರ್‌ನಲ್ಲಿ ವೈದ್ಯವಿಜ್ಞಾನಿಗಳೊಡನೆ ಮಾತಾಡುತ್ತಾ, ಮನುಷ್ಯ ತನ್ನ ದೇಹಕ್ಕೆ ಪೂರ್ಣ ಒಡೆಯನಲ್ಲ, ಆದ್ದರಿಂದ ಇಷ್ಟ ಬಂದಂತೆ ಅದನ್ನು ಪ್ರಯೋಗಕ್ಕೆ ಒಪ್ಪಿಸಲಾರ ಎಂಬ ಅರ್ಥದಲ್ಲಿ ಹೇಳಿದರು. ಈಗಿನ ಧರ್ಮೋಪದೇಶ ಗ್ರಂಥದ 2295ನೇ ಪರಿಚ್ಛೇದವೂ ಅದೇ ದಾರಿಯದು: ತಪ್ಪಿಸಬಹುದಾದ ಅಥವಾ ಮಿತಿಮೀರಿದ ಅಪಾಯಕ್ಕೆ ಮನುಷ್ಯನನ್ನು ಒಡ್ಡುವ ಪ್ರಯೋಗವು ಅವನ ಒಪ್ಪಿಗೆ ಇದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ನಮ್ಮ ಕಾಲದವರಿಗೆ ಇದು ಸ್ವಲ್ಪ ಕಷ್ಟದ ಮಾತು. “ನನ್ನ ದೇಹ, ನನ್ನ ಇಷ್ಟ” ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಒಪ್ಪಿಗೆ ಎಂಬುದು ಎಷ್ಟು ತೆಳ್ಳಗಿರಬಹುದು ಎಂದು ನೋಡಬೇಕಾದರೆ ಜೈಲಿಗೆ ಹೋಗಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ನಾನೂರಕ್ಕೂ ಹೆಚ್ಚು ಕೈದಿಗಳಿಗೆ ವೈವಾಕ್ಸ್ ಮಲೇರಿಯಾ ಬರಿಸಿ ಔಷಧಿಗಳನ್ನು ಪರೀಕ್ಷಿಸಿದರು. ಎಲ್ಲರೂ ಸಹಿ ಹಾಕಿದ್ದವರೇ. ಬೀಗ ಹಾಕಿದ ಕೋಣೆಯಲ್ಲಿರುವವನು, ಸಹಕರಿಸಿದರೆ ಶಿಕ್ಷೆ ಕಡಿಮೆಯಾದೀತು ಎಂಬ ಆಸೆಯಲ್ಲಿ ಹಾಕಿದ ಸಹಿಯನ್ನು ಏನೆಂದು ಕರೆಯೋಣ? ಆದರೂ ಅಲ್ಲಿ ನಡೆದ ಕೆಲಸದಿಂದ ಬಂದ ಪ್ರೈಮಾಕ್ವಿನ್ ಮಾತ್ರೆಯನ್ನು ವೈವಾಕ್ಸ್ ಬಂದವರಿಗೆ ಇಂದಿಗೂ ಹದಿನಾಲ್ಕು ದಿನ ಕೊಡುತ್ತಾರೆ. ಲಿವರ್‌ನಲ್ಲಿ ಮಲಗಿರುವ ರೋಗಾಣುವನ್ನು ಅದು ಕೊಲ್ಲುತ್ತದೆ. ನಮ್ಮಲ್ಲೇ ಎಷ್ಟೋ ಜನ ನುಂಗಿದ್ದೀರಿ. ಅದನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಕೆಟ್ಟ ಮೂಲದಿಂದ ಬಂದ ಒಳಿತನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಕೋವಿಡ್ ಲಸಿಕೆಯ ಸಮಯದಲ್ಲೂ ನಮ್ಮ ಮುಂದೆ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ರೋಮ್ ಅದಕ್ಕೆ, ಬೇರೆ ದಾರಿ ಇಲ್ಲದಾಗ ತೆಗೆದುಕೊಳ್ಳಬಹುದು, ಆದರೆ ಹಾಗೆ ತೆಗೆದುಕೊಂಡದ್ದು ಆ ಮೂಲವನ್ನು ಮೆಚ್ಚಿದಂತೆ ಆಗಬಾರದು ಎಂಬರ್ಥದ ಉತ್ತರ ಕೊಟ್ಟಿತು. ಪ್ರೈಮಾಕ್ವಿನ್‌ಗೂ ನನಗೆ ಅದೇ ಸರಿ ಅನಿಸುತ್ತದೆ.

ನಮ್ಮ ದೇಶದಲ್ಲೂ ಉದಾಹರಣೆ ಇದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ ಹಾಕುವ ಒಂದು ಅಧ್ಯಯನ ನಡೆಯಿತು. ಕೆಲವು ಹುಡುಗಿಯರ ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು. ಆ ಲಸಿಕೆ ಒಳ್ಳೆಯದೇ, ಹಾಕಿಸಲು ಹೆದರಬೇಡಿ. ಆದರೆ ಬುಡಕಟ್ಟು ಹುಡುಗಿಯರ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ತಂದೆತಾಯಿಯಲ್ಲ, ಹಾಸ್ಟೆಲ್ ವಾರ್ಡನ್ನು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಹಾಸ್ಟೆಲ್ ನಡೆಸುವವರು ನಮ್ಮ ನಡುವೆಯೂ ಇದ್ದಾರೆ, ಅವರು ಈ ಸಾಲನ್ನು ಎರಡು ಸಲ ಓದಲಿ ಎಂಬುದು ನನ್ನ ವಿನಂತಿ.

ಇದನ್ನೆಲ್ಲ ಕೇಳಿದ ಹುಡುಗಿಯೊಬ್ಬಳು, “ಹಾಗಾದ್ರೆ ಬಡವರನ್ನ ಇದಕ್ಕೆ ಸೇರಿಸಲೇಬಾರ್ದು, ಶ್ರೀಮಂತರೇ ಮಾಡಿಸ್ಕೊಳ್ಳಲಿ” ಎಂದಳು. ಕೇಳಲು ನ್ಯಾಯವಾಗಿದೆ. ಆದರೆ ಒಪ್ಪಲಾಗುವುದಿಲ್ಲ, ಕಾರಣ ರೋಗನಿರೋಧಕ ಶಕ್ತಿಯಲ್ಲೇ ಇದೆ. ಮಲೇರಿಯಾ ನೋಡದ ಯೂರೋಪಿನವರ ದೇಹ ಒಂದು ರೀತಿ ಉತ್ತರಿಸುತ್ತದೆ, ಬಾಲ್ಯದಿಂದ ಅದರೊಡನೆ ಬದುಕಿದವರ ದೇಹ ಬೇರೆ ರೀತಿ. ಕೀನ್ಯಾ ದೇಶದ ಕಿಲಿಫಿಯಲ್ಲಿ ಅಲ್ಲಿನವರೇ ಆದ ದೊಡ್ಡವರಿಗೆ ಮಲೇರಿಯಾ ಬರಿಸಿ ನೋಡಿದಾಗ, ಅನೇಕರ ದೇಹ ಮಾತ್ರೆಯಿಲ್ಲದೆಯೇ ರೋಗಾಣುವನ್ನು ಹತೋಟಿಯಲ್ಲಿ ಇಟ್ಟುಕೊಂಡಿತು. ಅದು ಹೇಗೆ ಎಂಬುದರಲ್ಲಿ ಮುಂದಿನ ಲಸಿಕೆಯ ಸುಳಿವಿದೆ. ಆ ಸುಳಿವು ಲಂಡನ್ನಿನವರ ರಕ್ತದಲ್ಲಿ ಸಿಗುವುದಿಲ್ಲ. ಅಲ್ಲದೆ, ಬಡವನಿಗೆ ಯೋಚಿಸಿ ತೀರ್ಮಾನಿಸಲು ಬರುವುದಿಲ್ಲ, ಅವನು ಕೇವಲ ದುಡ್ಡಿಗೆ ಬೀಳುತ್ತಾನೆ ಎನ್ನುವುದು ಕೂಡ ಒಂದು ಅವಮಾನ. ತನ್ನ ಊರಿನ ಮಕ್ಕಳಿಗಾಗಿ ತೋಳು ಕೊಡುವ ಗೌರವ ಅವನಿಗೂ ಸಲ್ಲಬೇಕು. ಕೂಲಿ ತಪ್ಪಿದ ದಿನಗಳಿಗೆ, ಬಸ್ಸಿನ ಖರ್ಚಿಗೆ, ಆಸ್ಪತ್ರೆಯಲ್ಲಿ ಕಳೆದ ಹೊತ್ತಿಗೆ ಧಾರಾಳವಾಗಿ ಕೊಡಲಿ. ಹೆಚ್ಚು ಅಪಾಯಕ್ಕೆ ಹೆಚ್ಚು ದುಡ್ಡು ಎಂದು ಹರಾಜು ಶುರುವಾದರೆ ಮಾತ್ರ, ಅಂದರೆ ಹವಾನಾದ ಆ ಎರಡನೇ ನೂರು ಡಾಲರ್, ಅಲ್ಲಿ ನಾನು ಬೇಡ ಎನ್ನುತ್ತೇನೆ.

ಆ ಸ್ವಯಂಸೇವಕನ ಊರಿಗೆ ಲಸಿಕೆ ಮರಳಿ ಬರುತ್ತದೆಯೇ ಎಂಬುದೂ ನನಗೆ ಮುಖ್ಯ. ಮಲೇರಿಯಾದಲ್ಲಿ ಇದು ತಡವಾಗಿಯಾದರೂ ಆಯಿತು. ಆರ್‌ಟಿಎಸ್,ಎಸ್ ಲಸಿಕೆಗೆ 2021ರ ಅಕ್ಟೋಬರ್‌ನಲ್ಲಿ, ಆಕ್ಸ್‌ಫರ್ಡ್ ರೂಪಿಸಿ ನಮ್ಮ ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್21 ಲಸಿಕೆಗೆ 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿ, ಈಗ ಆಫ್ರಿಕಾದ ಮಕ್ಕಳಿಗೆ ಹಾಕುತ್ತಿದ್ದಾರೆ. ಎರಡೂ ಫಾಲ್ಸಿಪಾರಂಗೆ, ನಮ್ಮ ಕಡೆ ಕಾಡುವ ವೈವಾಕ್ಸ್‌ಗೆ ಅಂಥ ಲಸಿಕೆ ಇನ್ನೂ ಇಲ್ಲ.

ವೈರಸ್‌ಗಳ ವಿಷಯದಲ್ಲಿ ಗೆರೆ ಎಳೆಯುವುದು ಇನ್ನೂ ಕಷ್ಟ. 2021ರಲ್ಲಿ ಲಂಡನ್ನಿನಲ್ಲಿ 18ರಿಂದ 29 ವಯಸ್ಸಿನ 36 ಮಂದಿಯ ಮೂಗಿಗೆ ಕೊರೊನಾ ವೈರಸ್ ಹನಿಸಿದರು. ಲೆಕ್ಕಕ್ಕೆ ತೆಗೆದುಕೊಂಡ 34ರಲ್ಲಿ 18 ಮಂದಿಗೆ ಸೋಂಕು ಹಿಡಿಯಿತು. ಸೋಂಕು ಬೇಗ ತೊಲಗಿದವರಲ್ಲಿ ಮೂಗಿನಲ್ಲೇ ರಕ್ಷಣೆ ಬೇಗ ಎದ್ದಿತ್ತು, ಸೋಂಕು ನೆಲೆಯೂರಿದವರಲ್ಲಿ ತಡವಾಗಿತ್ತು ಎಂಬ ಬೆಲೆಬಾಳುವ ಸಂಗತಿ ಅದರಿಂದ ತಿಳಿಯಿತು. ಯಾರಿಗೂ ಗಂಭೀರ ತೊಂದರೆ ಆಗಲಿಲ್ಲ. ಆದರೆ ಮಲೇರಿಯಾದಂತೆ ಮಾತ್ರೆ ಕೊಟ್ಟು ಖಚಿತವಾಗಿ ನಿಲ್ಲಿಸುವ ದಾರಿ ಆಗ ಇರಲಿಲ್ಲ. ನನಗೆ ಅದು ಅಂಚಿನ ಮೇಲೆ ನಡೆದಂತೆ ಕಾಣುತ್ತದೆ. ಸರಿ ಎನ್ನುವವರ ವಾದದಲ್ಲೂ ಬಲವಿದೆ, ಹೊರಗೆ ಜನ ಸಾಯುತ್ತಿದ್ದರು. ಜೀಕಾ ವೈರಸ್ ಬಗ್ಗೆ ಮಾತ್ರ ಅಮೆರಿಕದ ತಜ್ಞರ ಸಮಿತಿ 2017ರಲ್ಲಿ ಈಗ ಬೇಡ ಎಂದಿತು. ಸ್ವಯಂಸೇವಕನಿಂದ ಅವನ ಹೆಂಡತಿಗೆ, ಅವಳ ಗರ್ಭದಲ್ಲಿರುವ ಮಗುವಿಗೆ ಅದು ದಾಟಬಹುದು. ಹೊಟ್ಟೆಯೊಳಗಿನ ಮಗು ಯಾವ ಕಾಗದಕ್ಕೆ ಸಹಿ ಹಾಕಿದೆ?

ಇದು ನಮಗೆ ದೂರದ ಮಾತಲ್ಲ. ಇಂಥ ಪ್ರಯೋಗಗಳು ಭಾರತದಲ್ಲಿ ನಡೆಯುವುದಾದರೆ ಹೇಗೆ ನಡೆಯಬೇಕು ಎಂದು ಐಸಿಎಂಆರ್ 2023ರಲ್ಲಿ ಕರಡು ನೀತಿ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಹಿಂದಿನ ಬೆಂಚಿನ ಆ ಹುಡುಗನ ವಯಸ್ಸಿನವರನ್ನೇ ನಾಳೆ ಕರೆಯುವುದು. ಕರೆದಾಗ ಮುಂದಿಡುವ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿರುತ್ತದೆ ಎಂಬುದು ನನ್ನ ಚಿಂತೆ. ರೀಡ್‌ನನ್ನು ಎಷ್ಟೇ ಟೀಕಿಸಿದರೂ, 1900ರಲ್ಲಿ ಅವನ ಒಪ್ಪಂದದ ಕಾಗದ ಇಂಗ್ಲಿಷಿನಲ್ಲೂ ಆ ವಲಸಿಗರ ಸ್ಪ್ಯಾನಿಷಿನಲ್ಲೂ ಇತ್ತು. ನಮ್ಮ ಧರ್ಮಕ್ಷೇತ್ರದಲ್ಲಿ ಬಲಿಪೂಜೆ ನಾಲ್ಕು ಭಾಷೆಯಲ್ಲಿ ನಡೆಯುತ್ತದೆ. ಆಸ್ಪತ್ರೆಯ ಕಾಗದ ಎರಡೇ ಭಾಷೆಯಲ್ಲಿ ಬರುತ್ತದೆ, ಎರಡೂ ನಮ್ಮ ಅಜ್ಜಿಯರಿಗೆ ಓದಲು ಬರುವುದಿಲ್ಲ. ಕಣ್ಣಿನ ಆಪರೇಷನ್‌ಗೂ, ಹೆರಿಗೆಗೂ “ಇಲ್ಲಿ ಒತ್ತಿ” ಎಂದರೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ.

ಅದಕ್ಕೇ ಯುವಜನ ಕೂಟದವರು ಒಂದು ತೀರ್ಮಾನ ಮಾಡಿದ್ದೇವೆ. ಆಸ್ಪತ್ರೆಯ ಯಾವುದೇ ಅರ್ಜಿ, ಒಪ್ಪಿಗೆ ಪತ್ರ, ಪರೀಕ್ಷೆಯ ಕಾಗದ ಇದ್ದರೆ ಭಾನುವಾರ ಕನ್ನಡ ಪೂಜೆಯ ನಂತರ ದೇವಾಲಯದ ಪಕ್ಕದ ಉಪದೇಶದ ಕೋಣೆಗೆ ತನ್ನಿ. ತಮಿಳು ಓದುವವರು ಮೂವರಿದ್ದಾರೆ, ಇಂಗ್ಲಿಷ್ ನಾನು ಓದಿ ಹೇಳುತ್ತೇನೆ. ಸಹಿ ಹಾಕುವ ಮೊದಲು ತಂದರೆ ಒಳ್ಳೆಯದು.